ಕಾಸರಕೋಡಿಗೆ ಬಂದ ನೀಲಿ ಬಾವುಟ

ಹೊನ್ನಾವರದ ಬಳಿಯ ಹಳದೀಪುರದವರಿಗೆ ಕಡಲು ಹೊಸದಲ್ಲ, ಕಡಲಿಗೆ ಸುಮ್ಮನೆ ಕೂರಲು ಹೋಗುವುದು ಹೊಸದು. ಹಿಂದಿನವರು ಗ್ರಹಣಕ್ಕೋ ಅಮಾವಾಸ್ಯೆಗೋ ಸಮುದ್ರಸ್ನಾನಕ್ಕೆಂದು ಹೋಗಿ ಮಿಂದು ಬರುತ್ತಿದ್ದರು. ಉಳಿದ ದಿನ ದಂಡೆ ಮೀನುಗಾರರದು. ಹತ್ತಾರು ಜನ ಸಾಲಾಗಿ ನಿಂತು ರಂಪಣಿ ಬಲೆ ಎಳೆಯುವ, ಮೀನು ಹರವಿ ಒಣಗಿಸುವ, ದೋಣಿ ಕವುಚಿ ರಿಪೇರಿ ಮಾಡುವ ಜಾಗ ಅದು. ಅಲ್ಲಿ ಕೈಕಟ್ಟಿ ಕೂತವನನ್ನು ಯಾರಾದರೂ ಹಗ್ಗ ಹಿಡಿಯಲು ಕರೆದಾರು!

ಈಗ ಮಕ್ಕಳು ಹಟ ಹಿಡಿದರೆ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟು, ಹೊನ್ನಾವರ ಕಳೆದು, ಶರಾವತಿ ಸೇತುವೆ ದಾಟಿದರೆ ಕಾಸರಕೋಡಿನ ಇಕೋ ಬೀಚ್ ಇದೆ. 2020ರ ಅಕ್ಟೋಬರ್‌ನಲ್ಲಿ ದೇಶದ ಎಂಟು ಕಡಲತೀರಗಳಿಗೆ ಒಟ್ಟಿಗೇ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಕರ್ನಾಟಕದ ಪಾಲಿಗೆ ಬಂದದ್ದು ಎರಡು: ಕಾಸರಕೋಡು ಮತ್ತು ಪಡುಬಿದ್ರಿ.

ಈ ನೀಲಿ ಬಾವುಟ ಹುಟ್ಟಿದ್ದು ಫ್ರಾನ್ಸಿನಲ್ಲಿ, 1985ರಲ್ಲಿ. ಆ ದೇಶದ ಅಟ್ಲಾಂಟಿಕ್ ದಂಡೆಯಲ್ಲಿ ಬೇಸಿಗೆ ಬಂತೆಂದರೆ ಮಕ್ಕಳುಮರಿ ಸಮೇತ ಮರಳಿಗಿಳಿಯುವುದು ಹಳೆಯ ರೂಢಿ. ಕೊಳಚೆಯನ್ನು ಶುದ್ಧಮಾಡಿ, ಜನ ಮೀಯುವ ನೀರನ್ನು ಚೊಕ್ಕಟವಾಗಿಟ್ಟ ಕರಾವಳಿ ಊರುಗಳಿಗೆ ಬಾವುಟ ಕೊಡತೊಡಗಿದರು. ಅಂದರೆ ಮೊದಲಿಗೆ ಇದು ಸೂರ್ಯಾಸ್ತದ ಚೆಲುವಿಗೆ ಸಂದ ಬಹುಮಾನವಲ್ಲ, ಚರಂಡಿಯ ಶಿಸ್ತಿಗೆ ಸಂದದ್ದು. 1987ರಲ್ಲಿ ಯುರೋಪಿನ ಹತ್ತು ದೇಶಗಳಿಗೆ ಹಬ್ಬಿತು. 2001ರಲ್ಲಿ ದಕ್ಷಿಣ ಆಫ್ರಿಕಾ ಸೇರಿಕೊಂಡಿತು.

ಈ ಬಾವುಟ ಪಡೆಯಲು ಷರತ್ತುಗಳು 33. ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಮಲಮೂತ್ರದ ಸೂಚಕವಾದ ಇ-ಕೋಲಿ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ನೋಡುತ್ತಾರೆ. ಶೌಚಾಲಯ, ಕಸ ವಿಂಗಡಣೆ, ಗಾಲಿಕುರ್ಚಿಯವರಿಗೆ ದಾರಿ, ಜೀವರಕ್ಷಕರು, ಈಜಲು ಗುರುತು ಹಾಕಿದ ಜಾಗ ಎಲ್ಲವೂ ಬೇಕು. ಪರೀಕ್ಷೆ ವರ್ಷವರ್ಷವೂ ಇದೆ, ತಪ್ಪಿದರೆ ಬಾವುಟ ಇಳಿಸಬೇಕು. ನನ್ನ ಮಟ್ಟಿಗೆ ಇವುಗಳಲ್ಲಿ ಜೀವರಕ್ಷಕರೇ ಮುಖ್ಯ. 2024ರ ಡಿಸೆಂಬರ್‌ನಲ್ಲಿ ಇದೇ ಕರಾವಳಿಯ ಮುರ್ಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ತೆರೆ ಕಾಣುತ್ತದೆ, ಅದರಡಿಯ ಸೆಳೆತ ಕಾಣುವುದಿಲ್ಲ. ಮಳೆಗಾಲದಲ್ಲಂತೂ ನಮ್ಮ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿರುತ್ತವೆ.

ಅದೇ ಕಾಸರಕೋಡಿನ ಇನ್ನೊಂದು ತುದಿ ಟೊಂಕಾ. ಶರಾವತಿಯ ಅಳಿವೆಗೆ ಹತ್ತಿರ. ಅಲ್ಲಿನ ಮರಳಲ್ಲಿ ಒಣಮೀನಿನ ಕಸುಬು ಇನ್ನೂ ನಡೆಯುತ್ತದೆ. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಅಲ್ಲಿಯೇ ಖಾಸಗಿ ಬಂದರು ಬೇಡವೆಂದು ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಒಂದೇ ಊರಿನ ಮರಳಿನಲ್ಲಿ ಒಂದು ಪಾಲಿಗೆ ಮಾನ್ಯತೆ, ಇನ್ನೊಂದು ಪಾಲಿಗೆ ತಕರಾರು. ಆ 33 ಷರತ್ತುಗಳಲ್ಲಿ ಒಣಮೀನು ಹರವುವವರ ಹಕ್ಕಿಗೆ ಒಂದು ಸಾಲನ್ನೂ ಇಟ್ಟಿಲ್ಲ. ಬೀಚು ನೋಡಲು ಬಂದವರು ಸಾಮಾನ್ಯವಾಗಿ ಟಿಕೆಟ್, ಐಸ್‌ಕ್ರೀಮ್ ಮುಗಿಸಿ ಹೆದ್ದಾರಿ ಹಿಡಿಯುತ್ತಾರೆ. ಟೊಂಕಾದ ಕಡೆಗೂ ಒಮ್ಮೆ ಹೋಗಿ ಬರಬೇಕು. ಬೇಸಿಗೆಯಾದರೆ ಒಣಮೀನು ಅಲ್ಲೇ ಕೊಳ್ಳಬಹುದು.