ನಿಮಗಿದು ಗೊತ್ತೇ? ಪೋಪ್ ಪಟ್ಟವೂ ಒಮ್ಮೆ ಮಾರಾಟವಾಗಿತ್ತು!

ಚರ್ಚಿನ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳುವುದಕ್ಕೆ ‘ಸೈಮನಿ’ ಎಂಬ ಹೆಸರು ಬಂದದ್ದು ಬೈಬಲ್ಲಿನ ಸಿಮೋನನೆಂಬ ಮಂತ್ರವಾದಿಯಿಂದ. ಪೇತ್ರ, ಯೋಹಾನರು ಜನರ ಮೇಲೆ ಕೈಯಿಟ್ಟು ಪವಿತ್ರಾತ್ಮ ವರ ಕೊಡುವುದನ್ನು ಸಮಾರ್ಯದಲ್ಲಿ ಕಂಡವನೇ, ಆ ಶಕ್ತಿ ತನಗೂ ಬೇಕೆಂದು ಹಣ ಮುಂದೆ ಹಿಡಿದ. ಪೇತ್ರ ಗದರಿದ. ಪಾಪ, ಸಿಮೋನ ಕೊಂಡದ್ದು ಏನೂ ಇಲ್ಲ. ಕೇಳಿದ್ದಕ್ಕೇ ಸುಮಾರು 2,000 ವರ್ಷಗಳ ಕೆಟ್ಟ ಹೆಸರು!

ದುಡ್ಡು ತಿಂದು ದೀಕ್ಷೆ ಕೊಡುವ ಬಿಷಪ್ ಪದವಿ ಕಳೆದುಕೊಳ್ಳಬೇಕೆಂದು 451ರ ಕಾಲ್ಸಿಡನ್ ಮಹಾಸಭೆಯೇ ಕಟ್ಟಳೆ ಮಾಡಿತ್ತು. ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಹುದ್ದೆಯ ಬೆನ್ನಿಗೇ ಉಂಬಳಿ ಜಮೀನು, ದಶಾಂಶದ ವರಮಾನ ಬರುತ್ತಿದ್ದರೆ ಯಾರು ಬಿಟ್ಟಾರು?

1045ರಲ್ಲಿ ಪೋಪ್ ಪಟ್ಟವೇ ಕೈಬದಲಾಯಿತು. ಮಾರಿದವನು 9ನೇ ಬೆನೆಡಿಕ್ಟ್. ಕೊಂಡವನು ಅವನ ಧರ್ಮಪಿತನೇ ಆದ ಜಾನ್ ಗ್ರೇಷಿಯನ್. ತಮಾಷೆಯೆಂದರೆ ಈ ಗ್ರೇಷಿಯನ್ ಸಜ್ಜನನೆಂದೇ ಹೆಸರಾದವನು. ದುರ್ನಡತೆಗೆ ಹೆಸರಾಗಿದ್ದ ಪೋಪ್ ತೊಲಗಲೆಂದೇ ದುಡ್ಡು ಸುರಿದ, 6ನೇ ಗ್ರೆಗರಿಯಾದ. ಮರುವರ್ಷವೇ ಜರ್ಮನಿಯ ದೊರೆ 3ನೇ ಹೆನ್ರಿ ಸೂತ್ರಿ ಎಂಬ ಊರಿನಲ್ಲಿ ಸಭೆ ಸೇರಿಸಿ ಇವನನ್ನೂ ಇಳಿಸಿಬಿಟ್ಟ. ಮಾರಿ ಹೋದ ಬೆನೆಡಿಕ್ಟ್ 1047ರಲ್ಲಿ ಮತ್ತೆ ಬಂದು ಕುಳಿತ! ಗಡೀಪಾರಾದ ಗ್ರೆಗರಿಯ ಜೊತೆ ಹೊರಟ ಹಿಲ್ಡೆಬ್ರಾಂಡ್ ಎಂಬ ಯುವಕ ಮುಂದೆ 7ನೇ ಗ್ರೆಗರಿಯಾಗಿ ಇದೇ ವ್ಯಾಪಾರದ ಮೇಲೆ ಸಮರ ಸಾರಿದ.

ಕವಿ ಡಾಂಟೆಯ ನರಕದಲ್ಲಿ ಚರ್ಚಿನ ಹುದ್ದೆಯ ವ್ಯಾಪಾರ ಮಾಡಿದವರನ್ನು ಬಂಡೆಯ ಗುಂಡಿಗಳಲ್ಲಿ ತಲೆಕೆಳಗಾಗಿ ಹೂಳಲಾಗಿದೆ. ಮೇಲೆ ಕಾಣುವ ಅಂಗಾಲಿಗೆ ಬೆಂಕಿ. ಅಲ್ಲಿ ಸಿಕ್ಕಿಬಿದ್ದಿರುವ ಪೋಪ್ 3ನೇ ನಿಕೋಲಸ್, ಯಾರೋ ಬಂದ ಸದ್ದು ಕೇಳಿ 8ನೇ ಬೊನಿಫೇಸನೇ ಬಂದನೆಂದು ತಿಳಿಯುತ್ತಾನೆ. ಕಥೆ ನಡೆಯುವ 1300ರಲ್ಲಿ ಬೊನಿಫೇಸ್ ಇನ್ನೂ ಬದುಕಿದ್ದ. ಬದುಕಿರುವಾಗಲೇ ನರಕದಲ್ಲಿ ಸೀಟು ಕಾದಿರಿಸಿದ ಕವಿಯ ಸಿಟ್ಟು ಎಂಥದಿರಬೇಕು!

ಮ್ಯಾಗ್ಡೆಬರ್ಗ್‌ನ ಆರ್ಚ್‌ಬಿಷಪ್ ಆಗಿದ್ದ ಆಲ್ಬರ್ಟ್ 1514ರಲ್ಲಿ ಮೈನ್ಸ್ ಪೀಠವನ್ನೂ ಪಡೆದ. ವಯಸ್ಸು 24. ಆ ಪೀಠಕ್ಕಾಗಿ ರೋಮಿಗೆ ಕಟ್ಟಬೇಕಾದ ಹಣಕ್ಕೆ ಫುಗ್ಗರ್ ಸಾಹುಕಾರರ ಬಳಿ ಸಾಲ ಮಾಡಿದ. ಸಾಲ ತೀರಿದ್ದು ಹೇಗೆ? ಪಾಪಕ್ಷಮೆಯ ಪತ್ರ ಮಾರಿ. ಬಂದದ್ದರಲ್ಲಿ ಅರ್ಧ ಸಾಲಕ್ಕೆ, ಅರ್ಧ ರೋಮಿನ ಸೇಂಟ್ ಪೀಟರ್ಸ್ ಚರ್ಚು ಕಟ್ಟಲು. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಈ ಪತ್ರ ಮಾರಾಟವನ್ನು ಪ್ರಶ್ನಿಸುವ ತನ್ನ 95 ವಾದಗಳನ್ನು ಕಳಿಸಿದ್ದು ಇದೇ ಆಲ್ಬರ್ಟನಿಗೆ.

ಇಂಗ್ಲೆಂಡಿನಲ್ಲಿ ಊರ ಚರ್ಚಿಗೆ ಪಾದ್ರಿಯನ್ನು ಸೂಚಿಸುವ ಹಕ್ಕು ಮನೆ-ಹೊಲದಂತೆ ಆಸ್ತಿಯಾಗಿತ್ತು. ಪತ್ರಿಕೆಯಲ್ಲಿ ಜಾಹೀರಾತು ಬರುತ್ತಿತ್ತು! ಹರಾಜಿಗೆ ಕಡಿವಾಣ ಬಿದ್ದದ್ದು 1898ರ ಕಾಯ್ದೆಯಿಂದ.

ಲಂಚ ಕೊಟ್ಟು ಗೆದ್ದವನು ಪೋಪೇ ಅಲ್ಲ ಎಂದು ಸಾರಿದವನು 2ನೇ ಜೂಲಿಯಸ್. ಅವನೇ 1503ರಲ್ಲಿ ಆಮಿಷ ಒಡ್ಡಿ ಗೆದ್ದನೆಂಬುದು ಇತಿಹಾಸಕಾರರ ಮಾತು. 1904ರಲ್ಲಿ 10ನೇ ಪಯಸ್ ಆ ನಿಯಮ ತೆಗೆದರು. ಪಟ್ಟದ ಬಗ್ಗೆ ತಕರಾರು ಏಳಬಾರದೆಂಬುದು ಕಾರಣ. 1996ರ ನಿಯಮವೂ ಹಾಗೆಯೇ: ವ್ಯವಹಾರ ಕುದುರಿಸಿದವರಿಗೆ ಬಹಿಷ್ಕಾರ, ಆದರೆ ಆಯ್ಕೆಯಾದವರು ಪೋಪ್ ಆಗಿಯೇ ಉಳಿಯುತ್ತಾರೆ.