ಹಳೆಯ ಗಾಡಿಗೆ ಹೊಸ ಬ್ರೇಕ್

ಮಕ್ಕಳೇ, ಕೊಯಮತ್ತೂರಿನ ಪಶ್ಚಿಮಕ್ಕೆ, ಬೆಟ್ಟಗಳ ಬುಡದಲ್ಲಿ ತೊಂಡಾಮುತ್ತೂರು ಇದೆ. ಊರಿನ ಸುತ್ತ ಬಾಳೆ, ತೆಂಗು, ಅಡಿಕೆಯ ತೋಟಗಳಿವೆ. ಇಲ್ಲಿಯ ರಸ್ತೆಯಲ್ಲಿ 'ಡುಗ್ ಡುಗ್' ಎಂದು ಸದ್ದು ಮಾಡುತ್ತಾ ಬರುವ ಹಳೆಯ ಬುಲೆಟ್ ಮೋಟಾರ್ ಸೈಕಲನ್ನು ನೀವು ನೋಡಿರಬಹುದು. ಈ ಗಾಡಿ ನಮ್ಮ ತಮಿಳುನಾಡಿನದೇ. 1955ರಲ್ಲಿ ಮದರಾಸಿನಲ್ಲಿ, ಅಂದರೆ ಈಗಿನ ಚೆನ್ನೈಯಲ್ಲಿ, ಎನ್‌ಫೀಲ್ಡ್ ಇಂಡಿಯಾ ಕಂಪೆನಿ ಆರಂಭವಾಯಿತು. ಅದರ ತಿರುವೊಟ್ರಿಯೂರಿನ ಕಾರ್ಖಾನೆಯಲ್ಲಿ ಬುಲೆಟ್‌ಗಳು ತಯಾರಾದವು. ತಾತ ಕೊಂಡ ಗಾಡಿಯನ್ನು ಮೊಮ್ಮಗ ಓಡಿಸುವ ಮನೆಗಳೂ ಉಂಟು.

ಇಂತಹ ಗಾಡಿ ಇಂದಿಗೂ ಚೆನ್ನಾಗಿ ಓಡಬಹುದು. ಆದರೆ ಬೇಕಾದಾಗ ಚೆನ್ನಾಗಿ ನಿಲ್ಲುವುದೇ? ಅಂದು ರಸ್ತೆಯಲ್ಲಿ ವಾಹನಗಳು ಕಡಿಮೆ. ಇಂದು ಬಸ್ಸು, ಲಾರಿ, ಕಾರುಗಳು ತುಂಬಿವೆ. ಶಾಲೆ ಬಿಟ್ಟ ಹೊತ್ತಿನಲ್ಲಿ ಒಂದು ಮಗು ಥಟ್ಟನೆ ರಸ್ತೆಗೆ ಇಳಿದರೆ ಏನಾಗುವುದು? ಆ ಮಗುವಿನ ಪ್ರಾಣ ಉಳಿಸುವುದು ಎಂಜಿನ್ ಅಲ್ಲ, ಬ್ರೇಕ್.

ಬ್ರೇಕ್‌ಗಳಲ್ಲಿ ಮುಂದಿನ ಬ್ರೇಕೇ ಮುಖ್ಯ. ಏಕೆ? ಬಸ್ಸಿನಲ್ಲಿ ನಿಂತಿರುವಾಗ ಚಾಲಕರು ಬ್ರೇಕ್ ಹಾಕಿದರೆ ನೀವು ಮುಂದಕ್ಕೆ ವಾಲುವಿರಲ್ಲವೇ? ಹಾಗೆಯೇ ಗಾಡಿಯ ಭಾರವೂ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಆಗ ಆ ಚಕ್ರ ನೆಲವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಸೈಕಲ್ಲನ್ನು ಕೈಯಲ್ಲಿ ಮೆಲ್ಲನೆ ತಳ್ಳುತ್ತಾ ಮುಂದಿನ ಬ್ರೇಕನ್ನು ಹಿಡಿದು ನೋಡಿ. ಹಿಂದಿನ ಚಕ್ರ ಮೇಲೇಳಲು ನೋಡುವುದು.

ಹಳೆಯ ಬುಲೆಟ್ಟಿನ ಮುಂದಿನ ಚಕ್ರದ ನಡುವೆ ಡಬ್ಬಿಯಂತಹ ಒಂದು ಡ್ರಮ್ ಇದೆ. ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಬ್ರೇಕ್ ಶೂಗಳಿವೆ. ಕೈಹಿಡಿಯ ಲಿವರನ್ನು ಒತ್ತಿದರೆ ಕೇಬಲ್ ಎಳೆಯುತ್ತದೆ. ಶೂಗಳು ಅಗಲಗೊಂಡು, ತಿರುಗುವ ಡ್ರಮ್ಮಿಗೆ ಉಜ್ಜುತ್ತವೆ. ಈ ಘರ್ಷಣೆಯಿಂದ ಚಕ್ರ ನಿಲ್ಲುತ್ತದೆ.

ಆದರೆ ಎರಡು ಶೂಗಳೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ತಿರುಗುವ ಡ್ರಮ್ ಒಂದು ಶೂವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅದು ಬಿಗಿಯಾಗಿ ಹಿಡಿಯುತ್ತದೆ. ಇನ್ನೊಂದನ್ನು ಹಿಂದಕ್ಕೆ ತಳ್ಳುತ್ತದೆ. ಅದರ ಹಿಡಿತ ಸಡಿಲ. ಇದಕ್ಕೆ ಒಂದು ಉಪಾಯವಿದೆ. ಎರಡು ಶೂಗಳನ್ನೂ ಡ್ರಮ್ ತನ್ನತ್ತ ಎಳೆದುಕೊಳ್ಳುವಂತೆ ಜೋಡಿಸುವುದೇ ಆ ಉಪಾಯ. ಅಂತಹ ಡ್ರಮ್ಮನ್ನು ಹಾಕಿದರೆ ಹಳೆಯ ಗಾಡಿಯ ರೂಪವೂ ಕೆಡದು, ಬ್ರೇಕೂ ಬಲವಾಗುವುದು. ಆದರೆ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದರೆ ಇದರ ಹಿಡಿತ ಕಡಿಮೆ. ಆಗ ಹಿಂದಿನ ಬ್ರೇಕನ್ನು ಒತ್ತಬೇಕು.

ಇನ್ನೊಂದು ದಾರಿ ಡಿಸ್ಕ್ ಬ್ರೇಕ್. ಇದರಲ್ಲಿ ಚಕ್ರದೊಡನೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ಕೈಯ ಒತ್ತಡವನ್ನು ಕೊಳವೆಯೊಳಗಿನ ದ್ರವ ಒಯ್ಯುತ್ತದೆ. ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿ ಪಾಸ್ಕಲ್ ತಿಳಿಸಿದನು. ಡಿಸ್ಕ್ ಹೊರಗೆ ಗಾಳಿಯಲ್ಲಿರುವುದರಿಂದ ಬೇಗ ತಣಿಯುತ್ತದೆ, ಮಳೆನೀರೂ ಬೇಗ ಆರುತ್ತದೆ. ಇಂದಿನ ಹೊಸ ಬುಲೆಟ್ಟುಗಳ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ. ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಎಂಬ ಏರ್ಪಾಡೂ ಇದೆ. 125 ಸಿಸಿಗಿಂತ ದೊಡ್ಡ ಎಂಜಿನ್ ಇರುವ ಹೊಸ ಗಾಡಿಗಳಿಗೆಲ್ಲ 2019ರ ಏಪ್ರಿಲ್‌ನಿಂದ ಇದು ಕಡ್ಡಾಯವಾಯಿತು.

ಡಿಸ್ಕ್ ತಂದು ಸಿಕ್ಕಿಸಿದರೆ ಸಾಲದು. ಅದಕ್ಕೆ ತಕ್ಕ ಚಕ್ರದ ನಡುಭಾಗ, ಮುಂಭಾಗದ ಫೋರ್ಕ್, ಒಳ್ಳೆಯ ಟಯರ್ ಎಲ್ಲವೂ ಬೇಕು. ತಿಳಿದ ಮೆಕ್ಯಾನಿಕ್ ಮಾತ್ರ ಈ ಕೆಲಸ ಮಾಡಬೇಕು. ಹಳೆಯ ಬ್ರೇಕ್ ಶೂಗಳ ಪುಡಿಯಲ್ಲಿ ಕಲ್ನಾರು ಇರಬಹುದು. ಅದು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶಕ್ಕೆ ಕೆಡುಕು. ಆದುದರಿಂದ ಅದನ್ನು ಬಾಯಿಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ನೀವು ಅದರ ಹತ್ತಿರವೂ ಹೋಗಬೇಡಿ.

ಬ್ರೇಕ್ ಎಷ್ಟೇ ಒಳ್ಳೆಯದಿರಲಿ, ವೇಗಕ್ಕೆ ಮಿತಿ ಬೇಕು. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಸುಮಾರು ನಾಲ್ಕು ಪಟ್ಟು ದೂರ ಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಹಳೆಯ ಗಾಡಿ ಇದ್ದರೆ, "ಬ್ರೇಕ್ ಸರಿಯಾಗಿದೆಯೇ, ಅಪ್ಪಾ?" ಎಂದು ಇಂದೇ ಕೇಳಿ.