ದೊಡ್ಡೇರಿಯ ಮುತ್ತಿಗೆ, ಚಳ್ಳಕೆರೆಯ ಹಿಂಡಿ

ಚಳ್ಳಕೆರೆಯನ್ನು ಹೊರಗಿನವರು ಎಣ್ಣೆಯಿಂದ ಗುರುತಿಸುತ್ತಾರೆ, ಮೊಳಕಾಲ್ಮುರನ್ನು ರೇಷ್ಮೆ ಸೀರೆಯಿಂದ. ಶೇಂಗಾ ವಹಿವಾಟು ಜೋರಾಗಿದ್ದ ದಿನಗಳಲ್ಲಿ ಚಳ್ಳಕೆರೆಗೆ ‘ಎರಡನೇ ಮುಂಬಯಿ’ ಎಂಬ ಹೆಸರೂ ಇತ್ತು. ಆಂಧ್ರದ ರಾಯದುರ್ಗಕ್ಕೆ ಅಂಟಿಕೊಂಡಿರುವ ಮೊಳಕಾಲ್ಮುರಿನಲ್ಲಿ ಮಗ್ಗದ ಸದ್ದಿನ ಜತೆ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ರಾಜ್ಯದ ಒಣಸೀಮೆಗಳಲ್ಲೇ ಒಣಸೀಮೆ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಅದು ಒಳ್ಳೆಯ ವರ್ಷ. ನಾಯಕನಹಟ್ಟಿ ತಿಪ್ಪೇಸ್ವಾಮಿಯ ಜಾತ್ರೆಗೆ ಬರುವ ಸಾವಿರಾರು ಜನ ಈ ಬಯಲನ್ನು ಹಾದೇ ಹೋಗುತ್ತಾರೆ. ಇದೇ ಬಯಲಿನಲ್ಲಿ ದೊಡ್ಡ ಸೈನ್ಯಗಳು ಅನ್ನ ನೀರಿಲ್ಲದೆ ಸಿಕ್ಕಿಬಿದ್ದಿದ್ದವು, ಈ ಸೀಮೆಯನ್ನು ಆಳಿದ ದುರ್ಗದ ಜನರನ್ನು ಕಿತ್ತು ಬೇರೆಡೆಗೆ ಸಾಗಿಸಲಾಗಿತ್ತು ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು.

ಚಳ್ಳಕೆರೆಗೆ ಸಮೀಪದ ಊರು ದೊಡ್ಡೇರಿ. 1695ರ ನವೆಂಬರ್‌ನಲ್ಲಿ ಮರಾಠ ಸೇನಾಪತಿ ಸಂತಾಜಿ ಘೋರ್ಪಡೆ ಔರಂಗಜೇಬನ ದೊಡ್ಡ ಸೈನ್ಯವೊಂದನ್ನು ಇಲ್ಲಿ ಅಡ್ಡಗಟ್ಟಿದ. ಆ ಸೈನ್ಯದ ಮುಂದಾಳುಗಳಲ್ಲಿ ಶಿರಾದ ಫೌಜುದಾರ ಖಾಸಿಂ ಖಾನನೂ ಇದ್ದ, ಬಾದಶಹನ ದರ್ಬಾರಿನಿಂದ ಬಂದ ಖಾನಾಜಾದ್ ಖಾನನೂ ಇದ್ದ. ಚಿತ್ರದುರ್ಗದ ಭರಮಣ್ಣನಾಯಕ ಸಂತಾಜಿಯ ಪಕ್ಷ ವಹಿಸಿದ್ದ. ಅವನ ಬೇಡ ಪಡೆಯ ಬಂದೂಕಿನವರು ಗುಡ್ಡಗಳ ಮೇಲೆ ಕುಳಿತು ದಾರಿಗಳನ್ನು ಕಟ್ಟಿದರು. ಬಯಲಿನಲ್ಲಿ ನಿಲ್ಲಲಾಗದೆ ಮೊಘಲ್ ಪಡೆ ದೊಡ್ಡೇರಿಯ ಸಣ್ಣ ಕೋಟೆಯೊಳಗೆ ನುಗ್ಗಿತು. ಅಲ್ಲಿಗೆ ಕಾಳಗ ಮುಗಿದು ಹಸಿವಿನ ಲೆಕ್ಕ ಶುರುವಾಯಿತು.

ಮೊಘಲ್ ಚರಿತ್ರೆಕಾರರು ಬರೆದಿರುವುದನ್ನು ಓದಿದರೆ ಒಂದು ದಿಗ್ಬಂಧನ ಹೇಗೆ ಬಿಗಿಯುತ್ತದೆ ಎಂಬುದು ದಿನದ ಲೆಕ್ಕದಲ್ಲಿ ಕಾಣುತ್ತದೆ. ಮೊದಲ ದಿನ ಕೋಟೆಯ ಕಣಜದಲ್ಲಿದ್ದ ಜೋಳ, ಸಜ್ಜೆಯ ರೊಟ್ಟಿ ಜನರಿಗೆ ಸಿಕ್ಕಿತು. ದನ, ಕುದುರೆಗಳಿಗೆ ಹಳೆಯ ಹೊಸ ಸೂರುಗಳ ಹುಲ್ಲನ್ನು ಕಿತ್ತು ಹಾಕಿದರು. ಎರಡನೇ ದಿನಕ್ಕೆ ಜನರಿಗೂ ಏನಿಲ್ಲ, ಪ್ರಾಣಿಗಳಿಗೂ ಏನಿಲ್ಲ. ಹಸಿದ ಪ್ರಾಣಿಗಳು ಒಂದರ ಬಾಲವನ್ನು ಇನ್ನೊಂದು ಹುಲ್ಲೆಂದು ಜಗಿದವು ಎಂಬ ವಿವರವೂ ಮೊಘಲ್ ಕಡೆಯ ಬರಹಗಳಲ್ಲಿದೆ. ಅಫೀಮಿನ ಚಟವಿದ್ದ ಖಾಸಿಂ ಖಾನ್ ಅದು ಸಿಗದೆ ಸತ್ತ ಎಂದು ಕೆಲವರು, ವಿಷ ಕುಡಿದ ಎಂದು ಕೆಲವರು ಬರೆದರು. ಕೊನೆಗೆ ಆನೆ, ಕುದುರೆ, ಹಣ, ಸರಂಜಾಮುಗಳನ್ನೆಲ್ಲ ಒಪ್ಪಿಸಿ, ಮೇಲೆ 20 ಲಕ್ಷ ರೂಪಾಯಿ ಕೊಡುವುದಾಗಿ ಒಪ್ಪಿಕೊಂಡ ಮೇಲೆ ಕೋಟೆಯ ಬಾಗಿಲು ತೆರೆಯಿತು.

ಹೊರಬಂದವರಿಗೆ ಮರಾಠರ ಕಡೆಯವರು ಒಂದು ಬದಿಯಲ್ಲಿ ರೊಟ್ಟಿಯನ್ನೂ ಇನ್ನೊಂದು ಬದಿಯಲ್ಲಿ ನೀರನ್ನೂ ಕೊಟ್ಟರು. ಎರಡು ರಾತ್ರಿ ಬಾಗಿಲ ಮುಂದೆಯೇ ತಂಗಲು ಬಿಟ್ಟು, ಮೂರನೇ ದಿನ ತಮ್ಮ ಸವಾರರ ಕಾವಲಿನಲ್ಲೇ ಖಾನಾಜಾದ್ ಖಾನನನ್ನು ದಾರಿಗೆ ಹಚ್ಚಿದರು. ಸೋತ ಶತ್ರುವಿಗೆ ಸಿಕ್ಕ ಊಟ, ನೀರು, ತಂಗಲು ಜಾಗ, ಸುರಕ್ಷಿತ ದಾರಿ ಎಲ್ಲವೂ ಈ ನಾಲ್ಕೈದು ಸಾಲುಗಳಲ್ಲಿವೆ. ಇವತ್ತು ಯುದ್ಧದ ಊರುಗಳಲ್ಲಿ ಸಿಕ್ಕಿಬಿದ್ದ ನಾಗರಿಕರಿಗಾಗಿ ನೆರವಿನ ಸಂಸ್ಥೆಗಳು ಬೇಡುತ್ತಿರುವುದೂ ಇವನ್ನೇ.

ಆದರೆ ಈ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ಕಾಡುವುದು ಸೂರಿನ ಹುಲ್ಲು. ಸೂರು ಇದ್ದ ಮೇಲೆ ಅದರ ಕೆಳಗೆ ಜನರೂ ಇದ್ದರು. ಕಣಜದ ಜೋಳ ಸಜ್ಜೆಯನ್ನು ಯಾರೋ ಬೆಳೆದು ಅಳೆದು ತುಂಬಿದ್ದರು. ಒಂದೇ ದಿನದಲ್ಲಿ ಖಾಲಿಯಾದ ಆ ಕಾಳು, ಕಿತ್ತುಹೋದ ಆ ಚಾವಣಿ ದೊಡ್ಡೇರಿಯವರ ಮುಂದಿನ ಮುಂಗಾರಿನವರೆಗಿನ ಬದುಕು. ಖಾನರ ಹೆಸರು ಉಳಿದಿದೆ, ಸಂತಾಜಿಯ ಹೆಸರು ಉಳಿದಿದೆ, 20 ಲಕ್ಷದ ಲೆಕ್ಕ ಉಳಿದಿದೆ. ಸೈನ್ಯ ಹೋದ ಮೇಲೆ ಆ ಊರು ಏನು ತಿಂದಿತು ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಚಳ್ಳಕೆರೆ ಪೇಟೆಗೆ ಬರೋಣ. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಬೀಜವನ್ನು ಹಿಂಡಿ ಎಣ್ಣೆ ತೆಗೆದ ಮೇಲೆ ಉಳಿಯುವುದು ಹಿಂಡಿ. ಕಂದು ಬಣ್ಣದ ಗಟ್ಟಿ ಬಿಲ್ಲೆ. ಒಡೆದು ನೆನೆಹಾಕಿ ಕರೆಯುವ ಎಮ್ಮೆಗೆ, ಉಳುವ ಎತ್ತಿಗೆ ಇಡುತ್ತಾರೆ. ಮಳೆಗಾಲದಲ್ಲಿ ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ, ಹಾಗೆ ಹಿಡಿದದ್ದನ್ನು ದನಕ್ಕೂ ಇಡಬಾರದು ಎಂದು ಇಲ್ಲಿನ ಯಾವ ರೈತನಾದರೂ ಹೇಳಬಲ್ಲ. ಬೂಷ್ಟಿನ ವಿಷ ಯಕೃತ್ತಿಗೆ ಕುತ್ತು.

ಇದೇ ಶೇಂಗಾ ಹಿಂಡಿಯನ್ನು ಸುಡಾನಿನ ದಾರ್ಫುರ್ ಪ್ರಾಂತ್ಯದ ಎಲ್ ಫಾಶರ್ ನಗರದಲ್ಲಿ ಮನುಷ್ಯರು ತಿಂದರು. ಸುಡಾನ್ ಕೂಡ ಶೇಂಗಾ ಬೆಳೆಯುವ ದೇಶ, ಅಲ್ಲಿ ಹಿಂಡಿಗೆ ‘ಅಂಬಾಜ್’ ಎನ್ನುತ್ತಾರೆ. 2023ರ ಏಪ್ರಿಲ್ 15ರಂದು ಅಲ್ಲಿನ ಸೈನ್ಯಕ್ಕೂ ಅರೆಸೈನಿಕ ಪಡೆಗೂ ನಡುವೆ ಶುರುವಾದ ಯುದ್ಧ 2024ರ ಮೇ ಹೊತ್ತಿಗೆ ಎಲ್ ಫಾಶರ್ ಮುತ್ತಿಗೆಯಾಗಿ ಬಿಗಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆ ಎಂದು ತಜ್ಞರ ಸಮಿತಿ ಖಚಿತಪಡಿಸಿತು. ನೆರೆಹೊರೆಯ ಯುವಕರೇ ಸೇರಿ ನಡೆಸುತ್ತಿದ್ದ ಅಡುಗೆಮನೆಗಳು, ನಮ್ಮ ಕಡೆಯ ಗಂಜಿ ಕೇಂದ್ರಗಳಂಥವು, ಕಾಳು ಮುಗಿದಂತೆ ಹಿಂಡಿಯನ್ನು ಬೇಯಿಸಿ ಬಡಿಸಿದವು. ಬಳಿಕ ಹಿಂಡಿಯೂ ಸಿಗದಾಯಿತು. ಮುತ್ತಿಗೆ ಹಾಕಿದ ಅರೆಸೈನಿಕ ಪಡೆಯವರು ಊರ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿ ಜನ ಹೊರಹೋಗದಂತೆ ತಡೆದರು. 2025ರ ಅಕ್ಟೋಬರ್ ಕೊನೆಯಲ್ಲಿ ನಗರ ಅರೆಸೈನಿಕ ಪಡೆಯ ಕೈಸೇರಿತು. ತಪ್ಪಿಸಿಕೊಂಡವರು ಕಾಲ್ನಡಿಗೆಯಲ್ಲಿ ತವಿಲಾ ಊರಿನ ಕಡೆ ಹೋದರು.

ಎಲ್ ಫಾಶರ್ ಕನ್ನಡಿಗರಿಗೆ ಪೂರ್ತಿ ಅಪರಿಚಿತ ಹೆಸರಲ್ಲ. ಯುದ್ಧ ಶುರುವಾದ ವಾರವೇ ಅಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಸಿಕ್ಕಿಬಿದ್ದಿದ್ದರು. ಚನ್ನಗಿರಿ, ಶಿವಮೊಗ್ಗ, ಹುಣಸೂರು ಕಡೆಯ ಈ ಜನ ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರುತ್ತ ಆಫ್ರಿಕಾದ ಊರೂರು ಸುತ್ತುವವರು. ಗುಂಡಿನ ಸದ್ದಿನ ನಡುವೆ ಬಾಡಿಗೆ ಕೋಣೆಗಳಲ್ಲಿ ಕುಳಿತು, ನೀರಿಲ್ಲ, ಊಟವಿಲ್ಲ ಎಂದು ಮೊಬೈಲಿನಲ್ಲಿ ವಿಡಿಯೊ ಕಳಿಸಿದರು. ‘ಆಪರೇಷನ್ ಕಾವೇರಿ’ ಎಂಬ ಕಾರ್ಯಾಚರಣೆಯಲ್ಲಿ ಭಾರತ ಸರ್ಕಾರ ಸುಡಾನಿನಿಂದ 3,800ಕ್ಕೂ ಹೆಚ್ಚು ಜನರನ್ನು ಕರೆತಂದಿತು. ಪೋರ್ಟ್ ಸುಡಾನಿನಿಂದ ಜೆಡ್ಡಾಗೆ, ಅಲ್ಲಿಂದ ವಿಮಾನದಲ್ಲಿ ಊರಿಗೆ. ಅವರಿಗೆ ಹೊರಡಲು ಒಂದು ದೇಶವಿತ್ತು, ಪಾಸ್‌ಪೋರ್ಟ್ ಇತ್ತು. ಅವರಿಗೆ ಕೋಣೆ ಬಾಡಿಗೆ ಕೊಟ್ಟವರು, ಅವರಿಂದ ಎಣ್ಣೆ ಕೊಂಡವರು ಅಲ್ಲೇ ಉಳಿದರು.

ಸಿಕ್ಕಿಬಿದ್ದವರಿಗೆ, ಊರು ಬಿಟ್ಟವರಿಗೆ ಏನು ಬೇಕು? ನೆರವಿನ ಕೆಲಸಗಾರರ ಬಳಿ ಅಳತೆಗಳಿವೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 2,100 ಕಿಲೊಕ್ಯಾಲರಿ ಆಹಾರ, ತಲೆಯ ಮೇಲೆ ಸೂರಿರುವ ಮೂರೂವರೆ ಚದರ ಮೀಟರ್ ಜಾಗ, 20 ಜನರಿಗೆ ಒಂದು ಶೌಚಾಲಯ. ಹದಿನೈದು ಲೀಟರ್ ಎಂದರೆ ಒಂದು ದೊಡ್ಡ ಕೊಡ. ಕುಡಿಯಲು, ಅಡುಗೆಗೆ, ಮೈ ತೊಳೆಯಲು ಎಲ್ಲಕ್ಕೂ ಅದೇ. ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಿದ ಚಳ್ಳಕೆರೆಯ ಹೆಣ್ಣುಮಕ್ಕಳಿಗೆ ಆ ಒಂದು ಕೊಡದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳವೆಬಾವಿಯಲ್ಲಿ ನೀರು ಬಂದರೂ ಫ್ಲೋರೈಡ್ ಇದ್ದರೆ ಅದು ಕುಡಿಯುವ ನೀರಲ್ಲ ಎಂಬುದೂ ಅವರಿಗೆ ಗೊತ್ತು.

ಅಳತೆಪಟ್ಟಿಗಳು ಮರೆಯುವ ಒಂದು ಸಂಗತಿ ಈ ಸೀಮೆಗೆ ಚೆನ್ನಾಗಿ ಗೊತ್ತಿದೆ: ಜಾನುವಾರು. ಬರದ ವರ್ಷ ಸರ್ಕಾರ ಇಲ್ಲಿ ಗೋಶಾಲೆ ತೆರೆದಾಗ ದನ ಹೊಡೆದುಕೊಂಡು ಬಂದವರು ಮೇವು ಹಾಕಿಸಿಕೊಂಡು ವಾಪಸು ಹೋಗುವುದಿಲ್ಲ. ಕಂಬಳಿ ಹಾಸಿ ಅಲ್ಲೇ ಮಲಗುತ್ತಾರೆ. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಮೇವು ಸಿಗುವಲ್ಲಿಗೆ ಹಿಂಡಿನ ಜತೆಯೇ ಹೋಗುತ್ತಾರೆ, ಭಕ್ತರು ಊರೂರುಗಳಿಂದ ಮೇವು ಕಳಿಸುತ್ತಾರೆ. ದಾರ್ಫುರ್‌ನ ಪಶುಪಾಲಕರ, ರೈತರ ಆಸ್ತಿಯೂ ಕಾಲ ಮೇಲೆ ನಿಂತ ಆಸ್ತಿಯೇ. ಮನುಷ್ಯನಿಗೆ ಅಕ್ಕಿ ಕೊಟ್ಟು ಅವನ ಕತ್ತೆ, ಆಡು, ಎತ್ತು ಸಾಯಲು ಬಿಟ್ಟರೆ ಆತ ಶಿಬಿರ ಬಿಟ್ಟು ಎದ್ದು ಹೋಗುವುದು ಎಲ್ಲಿಗೆ?

ಅಂದಹಾಗೆ, ಚಳ್ಳಕೆರೆ ಸುತ್ತಲಿನ ಅಮೃತಮಹಲ್ ಕಾವಲುಗಳೂ ಮೂಲದಲ್ಲಿ ಯುದ್ಧದ ನೆಲವೇ. ಮೈಸೂರು ಅರಸರ ದನಗಳ ವಿಭಾಗವಾದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ಈ ತಳಿಯ ಎತ್ತುಗಳು ಫಿರಂಗಿ, ದವಸ, ಮದ್ದುಗುಂಡು ಎಳೆದವು. ಹೈದರನ ದಂಡು ಎಣಿಸಿದ್ದಕ್ಕಿಂತ ಬೇಗ ಬಂದಿಳಿಯುತ್ತಿದ್ದುದಕ್ಕೆ ಇವುಗಳ ಕಾಲೇ ಕಾರಣ. ಒಂದೂವರೆ ದಶಕದ ಹಿಂದೆ ಖುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ರಕ್ಷಣಾ, ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಗೋಡೆ ಎದ್ದಿತು, ಕುರಿ ದನಗಳ ಹಳೆಯ ದಾರಿ ಮುಚ್ಚಿತು, ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಇದನ್ನು ಯುದ್ಧದ ಸಂಕಟಕ್ಕೆ ಸಮ ಮಾಡುವುದು ಸಲ್ಲದು. ಆದರೆ ಗೋಮಾಳ ಕೈತಪ್ಪಿದ ಕುರಿಗಾರನ ಮಾತು ಕೇಳಿದವರಿಗೆ, ದಾರಿ ಮುಚ್ಚುವುದೆಂದರೆ ಏನು ಎಂಬುದು ಸ್ವಲ್ಪವಾದರೂ ತಿಳಿಯುತ್ತದೆ.

ದೊಡ್ಡೇರಿಗೆ ಬಂದ ಸೈನ್ಯ ವಾಪಸು ಹೋಯಿತು. 1779ರಲ್ಲಿ ದುರ್ಗದಿಂದ ಹೋದವರು ವಾಪಸು ಬರಲಿಲ್ಲ. ಹೈದರಾಲಿ ಚಿತ್ರದುರ್ಗವನ್ನು ಹಿಡಿದಾಗ ಮದಕರಿನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕಳಿಸಿದ್ದು ಎಲ್ಲರಿಗೂ ಗೊತ್ತು. ಅವನೊಂದಿಗೆ ದುರ್ಗದ ಸುಮಾರು 20,000 ಜನರನ್ನೂ, ಹೆಚ್ಚಿನವರು ಬೇಡರು, ಆ ದ್ವೀಪಕ್ಕೆ ಸಾಗಿಸಿದ. ಅವರ ಹುಡುಗರನ್ನು ಆರಿಸಿ ಚೇಲಾ ಪಡೆ ಕಟ್ಟಿದ ಎಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾನೆ. ದುರ್ಗದ ಆ ಪತನದ ಮೇಲೆ ‘ದುರ್ಗಾಸ್ತಮಾನ’ ಬರೆದ ತ.ರಾ.ಸು. ಅವರ ಮನೆತನದ ಊರು ತಳುಕು ಇದೇ ಚಳ್ಳಕೆರೆ ತಾಲ್ಲೂಕಿನದು. ನಾಯಕನ ಸೆರೆಯ ಬಗ್ಗೆ ನಾವು ಎಷ್ಟೋ ಲಾವಣಿ ಕೇಳಿದ್ದೇವೆ. ಎರಡು ಮೂರು ನೂರು ಕಿಲೊಮೀಟರ್ ನಡೆದುಹೋದ ಇಪ್ಪತ್ತು ಸಾವಿರ ಜನ ದಾರಿಯಲ್ಲಿ ಎಲ್ಲಿ ನೀರು ಕುಡಿದರು, ಬಸುರಿ ಬಾಣಂತಿಯರ ಗತಿ ಏನಾಯಿತು ಎಂದು ಯಾವ ಶಾಲೆಯ ಪಾಠದಲ್ಲೂ ನಾನು ಓದಿದ್ದಿಲ್ಲ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಇದೇ ರೈಸ್ ಅವನ್ನು ಬೆಳಕಿಗೆ ತಂದ. ತಂದೆತಾಯಿಯ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು ಎಂಬ ಉಪದೇಶ ಅವುಗಳಲ್ಲಿದೆ. ಕಳಿಂಗ ಯುದ್ಧದ ಮಾತಿಲ್ಲ. ಅದು ಇರುವುದು ಬೇರೆಡೆಯ ಹದಿಮೂರನೇ ಬಂಡೆ ಶಾಸನದಲ್ಲಿ. ಅಲ್ಲಿ ಅಶೋಕ ಮೊದಲು ಎಣಿಸಿದ್ದು ಸತ್ತವರನ್ನಲ್ಲ, ಒಕ್ಕಲೆಬ್ಬಿಸಿ ಸಾಗಿಸಿದ ಒಂದೂವರೆ ಲಕ್ಷ ಜನರನ್ನು. ಕೊಲ್ಲಲ್ಪಟ್ಟ ಒಂದು ಲಕ್ಷ ಆಮೇಲೆ ಬರುತ್ತದೆ. ಗೆದ್ದ ದೊರೆಯೊಬ್ಬ ನೆಲೆ ತಪ್ಪಿದವರನ್ನು ಎಣಿಸಿ, ಅದು ತನಗೆ ನೋವು ತಂದಿತೆಂದು ಕಲ್ಲಿನಲ್ಲಿ ಕೊರೆಸಿದ್ದು ದೊಡ್ಡ ಮಾತು. ಮೊಳಕಾಲ್ಮುರಿಗೆ ಶಾಸನ ನೋಡಲು ಬರುವ ಶಾಲಾ ಮಕ್ಕಳಿಗೆ ಅದನ್ನೂ ಜತೆಗೆ ಹೇಳಬೇಕು.

ಈಗಿನ ಎಣಿಕೆ ವಿಶ್ವಸಂಸ್ಥೆಯದು. 2024ರ ಕೊನೆಗೆ ಯುದ್ಧ, ಹಿಂಸೆ, ಕಿರುಕುಳಗಳಿಂದ ನೆಲೆ ತಪ್ಪಿದವರು ಜಗತ್ತಿನಲ್ಲಿ 12.32 ಕೋಟಿ, ಸುಡಾನಿನವರೇ 1.43 ಕೋಟಿ. ನಾಗರಿಕರನ್ನು ಉಪವಾಸ ಕೆಡವಿ ಯುದ್ಧ ಮಾಡುವುದನ್ನು 1977ರಲ್ಲೇ ಜಿನೀವಾ ಒಪ್ಪಂದಗಳ ಹೆಚ್ಚುವರಿ ಕರಾರು ನಿಷೇಧಿಸಿದೆ. 2018ರ ಮೇ ತಿಂಗಳಲ್ಲಿ ಭದ್ರತಾ ಮಂಡಳಿ 2417ನೇ ನಿರ್ಣಯದಲ್ಲಿ ಅದನ್ನೇ ಮತ್ತೆ ಖಂಡಿಸಿತು. ಎಲ್ ಫಾಶರ್ ಮುತ್ತಿಗೆ ನಿಲ್ಲಿಸಿ ಎಂದು 2024ರ ಜೂನ್‌ನಲ್ಲಿ ಇನ್ನೊಂದು ನಿರ್ಣಯವೂ ಬಂತು. ಆಮೇಲೂ ಆ ಮುತ್ತಿಗೆ ಒಂದು ವರ್ಷಕ್ಕೂ ಮೀರಿ ನಡೆಯಿತು.

ದಾರ್ಫುರ್‌ನಲ್ಲಿ ಶೇಂಗಾ, ಸಜ್ಜೆ ಬಿತ್ತುವುದು ಚಳ್ಳಕೆರೆಯಂತೆಯೇ ಜೂನ್, ಜುಲೈ ಮಳೆಗೆ. ಹದ ತಪ್ಪಿದರೆ ಆ ವರ್ಷ ಹೋಯಿತು. ಹಸಿದವನು ಬಿತ್ತನೆ ಬೀಜವನ್ನು ಮೊದಲು ತಿಂದಿರುತ್ತಾನೆ, ಹೊಲದ ದಾರಿಯಲ್ಲಿ ಬಂದೂಕು ಹಿಡಿದವರು ನಿಂತಿರುತ್ತಾರೆ. ಆದ್ದರಿಂದ ತವಿಲಾದ ಶಿಬಿರಗಳಲ್ಲಿರುವ ರೈತರಿಗೆ ನೀರು, ಕಾಳು, ಔಷಧದ ಜತೆ ಮುಂದಿನ ಮಳೆಗೆ ಮೊದಲು ಬೇಕಾಗಿರುವುದು ಎರಡು: ಹೊಲಕ್ಕೆ ಹೋಗಿ ಬರಲು ಭಯವಿಲ್ಲದ ದಾರಿ, ಮತ್ತು ಒಂದು ಚೀಲ ಬೀಜ.